‘ಪಾಷಂಡಿ’ ಬೈಗುಳವಾದದ್ದು ಯಾವಾಗ?

ಪ್ರಶ್ನೆ: ಇತಿಹಾಸದ ಪುಸ್ತಕವೊಂದರಲ್ಲಿ ‘ಅಶೋಕನು ಎಲ್ಲ ಪಾಷಂಡರನ್ನೂ ಗೌರವಿಸಿದನು’ ಎಂಬ ಸಾಲು ಓದಿ ಗಲಿಬಿಲಿಯಾಯಿತು. ನಮ್ಮ ಮನೆಯಲ್ಲಿ ಪಾಷಂಡಿ ಎಂದರೆ ಅಪ್ಪಟ ಬೈಗುಳ. ದೇವರು ದಿಂಡರು ಇಲ್ಲದವ, ಧರ್ಮ ಬಿಟ್ಟವ ಎಂದರ್ಥ. ಅದು ‘ಪಾಷಾಣ’ದಿಂದ ಬಂದ ಪದ, ಕಲ್ಲೆದೆಯವನೆಂದು ಅರ್ಥ ಎನ್ನುತ್ತಾರೆ ನಮ್ಮ ತಂದೆ. ಇದು ನಿಜವೇ? ‘ಪಾಖಂಡಿ’ ಬೇರೆ ಪದವೇ? ಕಾಫಿರ್, ಪೇಗನ್ ಇದ್ದ ಹಾಗೆ ಇದೂ ಅನ್ಯಧರ್ಮದವರನ್ನು ಕರೆಯಲೆಂದೇ ಹುಟ್ಟಿದ್ದೇ? ಆ ಸಾಲನ್ನು ಮಗಳಿಗೆ ಹೇಗೆ ಬಿಡಿಸಿ ಹೇಳಲಿ?

ಉತ್ತರ: ಮೊದಲು ನಿಮ್ಮ ತಂದೆಯವರ ಮಾತು. ಪಾಷಾಣಕ್ಕೂ ಪಾಷಂಡಕ್ಕೂ ನಂಟಿಲ್ಲ. ಒಂದು ಕಲ್ಲು, ಇನ್ನೊಂದು ಮನುಷ್ಯರ ಗುಂಪು. ಆದರೆ ಹೀಗೆ ಜೋಡಿಸಿದವರಲ್ಲಿ ಅವರು ಮೊದಲಿಗರೇನೂ ಅಲ್ಲ. ಬಂಗಾಳಿಯಲ್ಲಿ ‘ಪಾಷಂಡ’ ಎಂದರೆ ಇವತ್ತು ಕ್ರೂರಿ, ಕರುಣೆ ಇಲ್ಲದವ ಎಂದೇ ಅರ್ಥ. ಧ್ವನಿ ಹತ್ತಿರವಿದ್ದರೆ ಅರ್ಥವೂ ನಿಧಾನವಾಗಿ ಅತ್ತ ವಾಲುತ್ತದೆ. ಹಿಂದಿಯಲ್ಲಿ ‘ಪಾಖಂಡಿ’ ಬೂಟಾಟಿಕೆಯವನು. ಮರಾಠಿಯಲ್ಲಿ ಅದೇ ‘ಪಾಖಂಡಿ’ ಶಾಸ್ತ್ರಕ್ಕೆ ತಿರುಗಿಬಿದ್ದವನು. ಕನ್ನಡದಲ್ಲಿ ಈ ಎಲ್ಲ ಅರ್ಥಗಳೂ ಅಷ್ಟಷ್ಟು ಬೆರೆತಿವೆ. ಒಂದೇ ಪದ ಒಂದೊಂದು ಊರಲ್ಲಿ ಒಂದೊಂದು ಬಗೆಯ ಕೆಟ್ಟವನಾಗಿದೆ. ಒಳ್ಳೆಯವನು ಮಾತ್ರ ಎಲ್ಲೂ ಆಗಿಲ್ಲ.

ಹಾಗಾಗಿಯೇ ನಿಮ್ಮ ಪುಸ್ತಕದ ಸಾಲು ವಿಚಿತ್ರವಾಗಿ ಕೇಳಿಸಿತು. ಆದರೆ ಆ ಸಾಲು ಸರಿಯಾಗಿದೆ.

ಅಶೋಕನ ಹನ್ನೆರಡನೆಯ ಬಂಡೆ ಶಾಸನ ಗುಜರಾತಿನ ಗಿರ್ನಾರಿನಲ್ಲಿ ಶುರುವಾಗುವುದು ಹೀಗೆ: ‘ದೇವಾನಂಪಿಯೇ ಪಿಯದಸಿ ರಾಜಾ ಸವಪಾಸಂಡಾನಿ ಚ ಪವಜಿತಾನಿ ಚ ಘರಸ್ತಾನಿ ಚ ಪೂಜಯತಿ.’ ದೇವರಿಗೆ ಪ್ರಿಯನಾದ ಪ್ರಿಯದರ್ಶಿ ರಾಜನು ಎಲ್ಲ ಪಾಸಂಡಗಳನ್ನೂ, ಸಂನ್ಯಾಸಿಗಳನ್ನೂ ಗೃಹಸ್ಥರನ್ನೂ ಗೌರವಿಸುತ್ತಾನೆ ಎಂದರ್ಥ. ‘ಪಾಸಂಡ’ ಎಂಬುದು ನಮ್ಮ ‘ಪಾಷಂಡ’ದ ಪ್ರಾಕೃತ ರೂಪ. ಕಾಲ ಕ್ರಿ.ಪೂ. 3ನೇ ಶತಮಾನ. ಇದಕ್ಕಿಂತ ಹಳೆಯದೆಂದು ಗಟ್ಟಿಯಾಗಿ ಕಾಲ ಹೇಳಬಹುದಾದ ಬಳಕೆ ಈ ಪದಕ್ಕೆ ಸಿಕ್ಕಿಲ್ಲ.

ಮುಂದಿನ ಸಾಲುಗಳಲ್ಲಿ ಎರಡು ಸಮಾಸಪದಗಳು ಬರುತ್ತವೆ: ‘ಆತ್ಪಪಾಸಂಡ’ ಮತ್ತು ‘ಪರಪಾಸಂಡ’. ಅಂದರೆ ತನ್ನ ಪಾಸಂಡ, ಇತರರ ಪಾಸಂಡ. ಸಂದರ್ಭವಿಲ್ಲದೆ ತನ್ನ ಪಾಸಂಡವನ್ನು ಹೊಗಳಿಕೊಳ್ಳಬೇಡ, ಇತರರ ಪಾಸಂಡವನ್ನು ಹಳಿಯಬೇಡ. ಸಂದರ್ಭ ಬಂದರೂ ಹಗುರವಾಗಿ ಹೇಳಿ ಸುಮ್ಮನಾಗು. ತನ್ನದನ್ನು ಬೆಳಗಿಸುತ್ತೇನೆಂದು ಪರರದನ್ನು ಹಳಿಯುವವನು ತನ್ನ ಪಾಸಂಡಕ್ಕೇ ಹೆಚ್ಚು ಕೇಡು ಮಾಡುತ್ತಾನೆ. ಶಾಸನದ ತಾತ್ಪರ್ಯ ಇದು. ಇದಕ್ಕೆಲ್ಲ ಬುಡ ‘ವಚಿಗುತಿ’, ಅಂದರೆ ನಾಲಿಗೆಯ ಮೇಲಿನ ಹಿಡಿತ ಎನ್ನುತ್ತದೆ ಅದು.

‘ತನ್ನ ಪಾಸಂಡ’ ಎಂಬ ಮಾತನ್ನು ಗಮನಿಸಿ. ಇವತ್ತು ಯಾರಾದರೂ ‘ನಮ್ಮದು ಇಂಥ ಪಾಷಂಡ’ ಎಂದು ಪರಿಚಯ ಹೇಳಿಕೊಂಡಾರೆಯೇ? ಆಗ ಹೇಳಿಕೊಳ್ಳಬಹುದಿತ್ತು. ಇವತ್ತಿನ ಕನ್ನಡದಲ್ಲಿ ಪಂಥ, ಮತ, ಸಂಪ್ರದಾಯ ಎನ್ನುತ್ತೇವಲ್ಲ, ಆ ಜಾಗದಲ್ಲಿ ಈ ಪದವಿತ್ತು. ಏಳನೆಯ ಸ್ತಂಭ ಶಾಸನದಲ್ಲಿ ರಾಜ ತನ್ನ ಅಧಿಕಾರಿಗಳಿಗೆ ಬೌದ್ಧ ಸಂಘ, ಬ್ರಾಹ್ಮಣರು, ಆಜೀವಕರು (ಆ ಕಾಲದ ಒಂದು ಸಂನ್ಯಾಸಿ ಪಂಥ), ನಿರ್ಗ್ರಂಥರು (ಜೈನರು) ಎಂದು ಒಂದೊಂದೇ ಹೆಸರು ಹಿಡಿದು ಹೇಳಿ, ಜೊತೆಗೆ ಬೇರೆ ಬೇರೆ ಪಾಸಂಡಗಳ ಯೋಗಕ್ಷೇಮವನ್ನೂ ವಹಿಸುತ್ತಾನೆ. ಇದರಲ್ಲಿ ಒಳಗಿನವ ಹೊರಗಿನವ ಎಂಬ ಗೆರೆಯೇ ಇಲ್ಲ.

ಇದು ನಾವು ಇವತ್ತು ಕೂತು ಕಟ್ಟಿದ ಅರ್ಥವೇ ಎಂದು ಅನುಮಾನ ಬಂದರೆ, ಆ ಕಾಲದ್ದೇ ಅನುವಾದ ಇದೆ. ಅಫ್ಘಾನಿಸ್ತಾನದ ಕಂದಹಾರದಲ್ಲಿ ಅಶೋಕನ ಹನ್ನೆರಡು, ಹದಿಮೂರನೆಯ ಶಾಸನಗಳ ಭಾಗಗಳು ಗ್ರೀಕ್ ಭಾಷೆಯಲ್ಲಿ ಸಿಕ್ಕಿವೆ. ಅಲ್ಲಿನ ಅನುವಾದಕ ‘ಪಾಸಂಡ’ಕ್ಕೆ ಆರಿಸಿಕೊಂಡ ಪದ ‘ದಿಯಾತ್ರಿಬೇ’. ಗ್ರೀಕರು ತಮ್ಮ ತತ್ತ್ವಶಾಸ್ತ್ರದ ಶಾಲೆಗಳಿಗೆ ಹೇಳುತ್ತಿದ್ದ ಮಾತು ಅದು. ಪಾಸಂಡ ಎಂದಾಗ ಅವನ ಕಣ್ಣಿಗೆ ಕಟ್ಟಿದ್ದು ಗುರು, ಶಿಷ್ಯರು, ವಾದ, ಒಂದು ಜೀವನಕ್ರಮ. ನನ್ನ ಮಟ್ಟಿಗೆ ಈ ಪದಕ್ಕೆ ಇದುವರೆಗೆ ಬಂದ ಅರ್ಥವಿವರಣೆಗಳಲ್ಲಿ ಇದೇ ಉತ್ತಮ. ಎರಡು ಸಾವಿರ ವರ್ಷಗಳಾದ ಮೇಲೂ ನಿಘಂಟುಗಳು ಅವನಷ್ಟು ಚೊಕ್ಕವಾಗಿ ಹೇಳಿಲ್ಲ.

ಈ ಶಾಸನ ನೋಡಲು ಗಿರ್ನಾರಕ್ಕೋ ಕಂದಹಾರಕ್ಕೋ ಹೋಗಬೇಕಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಡದ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1980ರ ದಶಕದ ಕೊನೆಯ ಭಾಗದಲ್ಲಿ ಒಂದು ಚಪ್ಪಡಿ ಬೆಳಕಿಗೆ ಬಂತು. ಕಾಳಿಯ ಗುಡಿಯ ಮಾಡು ಕುಸಿದು ವಿಗ್ರಹ ಹಾಳಾಗಿತ್ತು. ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಬ್ರಾಹ್ಮೀ ಲಿಪಿ. ಹನ್ನೆರಡನೆಯ ಶಾಸನ, ಹದಿನಾಲ್ಕನೆಯ ಶಾಸನ, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಪೀಠವಾಗಿ ಬಳಕೆಯಾದದ್ದರಿಂದ ಪಾಠ ಪೂರ್ತಿ ಉಳಿದಿಲ್ಲ. ಕರ್ನಾಟಕದಲ್ಲಿ ಅಶೋಕನ ಶಾಸನಗಳು ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂದು ಹಲವೆಡೆ ಇವೆ. ಆದರೆ ಪಾಸಂಡಗಳ ಮಾತು ಬರುವ ಈ ಹನ್ನೆರಡನೆಯ ಶಾಸನ ನಮಗೆ ಸಿಕ್ಕಿದ್ದು ಸನ್ನತಿಯಲ್ಲಿ. ‘ಪರರ ಪಾಸಂಡವನ್ನು ಹಳಿಯಬೇಡ’ ಎಂಬ ಕಲ್ಲಿನ ಮೇಲೆಯೇ ಬೇರೊಂದು ಪಂಥದ ದೇವಿ ಶತಮಾನಗಳ ಕಾಲ ಕೂತು ಪೂಜೆ ತಗೊಂಡಳು. ಬೇಕೆಂದು ಮಾಡಿದ್ದಲ್ಲ, ಕಲ್ಲು ಚೆನ್ನಾಗಿತ್ತು ಅಷ್ಟೆ.

ಇನ್ನು ಪದದ ಮೂಲ. ಹೆಚ್ಚು ಮಂದಿ ವಿದ್ವಾಂಸರು ಒಲಿಯುವುದು ಸಂಸ್ಕೃತದ ‘ಪರ್ಷದ್’ ಕಡೆಗೆ. ಪರ್ಷದ್, ಪರಿಷದ್ ಎಂದರೆ ಸಭೆ. ಪಾರ್ಷದ ಎಂದರೆ ಸಭೆಗೆ ಸೇರಿದವನು. ನಮ್ಮ ‘ಪರಿಷತ್ತು’ ಅದೇ ಮನೆಯ ಕೂಸು. ಅಂದರೆ ವಿಧಾನ ಪರಿಷತ್ತಿನ ಸದಸ್ಯನೂ ಪಾಷಂಡಿಯೂ ದಾಯಾದಿಗಳು. ಇದನ್ನು ಹೇಳಿದಾಗಲೆಲ್ಲ ಜನ ನಗುತ್ತಾರೆ. ಆಕ್ಷೇಪವೂ ಇದೆ: ದಕಾರ ಇದ್ದದ್ದು ಡಕಾರ ಆದದ್ದು ಹೇಗೆ, ನಡುವೆ ಅನುಸ್ವಾರ ಎಲ್ಲಿಂದ ಬಂತು? ಆದರೆ ಈ ವಾದದ ಪರವಾಗಿ ಒಂದು ಚಿಕ್ಕ ಸಾಕ್ಷಿ ಪೇಶಾವರದ ಕಡೆಯ ಶಹಬಾಜ್‌ಗಢಿಯಲ್ಲಿ ಅಶೋಕನ ಶಾಸನವಿರುವ ಬಂಡೆಯ ಮೇಲಿದೆ. ಅಲ್ಲಿ ಈ ಪದದ ರೂಪ ‘ಪ್ರಷಂಡ’. ಆ ಸೀಮೆಯ ಪ್ರಾಕೃತಕ್ಕೆ ಒಂದು ಚಾಳಿಯಿತ್ತು. ಪದದ ನಡುವಿನ ರೇಫವನ್ನು ಮುಂದಕ್ಕೆ ಎಳೆದುಕೊಳ್ಳುವುದು. ‘ಧರ್ಮ’ ಅಲ್ಲಿ ‘ಧ್ರಮ’, ‘ಪ್ರಿಯದರ್ಶಿ’ ಅಲ್ಲಿ ‘ಪ್ರಿಯದ್ರಶಿ’. ಅದೇ ಲೆಕ್ಕದಲ್ಲಿ ‘ಪ್ರಷಂಡ’ದ ಹಿಂದೆ ‘ಪರ್ಷ-’ ಎಂದು ಶುರುವಾಗುವ ಪದವೊಂದು ಇದ್ದಿರಬೇಕು.

ಹಾಗಾದರೆ ಗೌರವದ ಪದ ಬೈಗುಳವಾದದ್ದು ಹೇಗೆ? ಯಾರೋ ಒಬ್ಬ ಪುರೋಹಿತ ಕೂತು ಕೆಡಿಸಿದ ಎಂಬ ಕಥೆ ಹೇಳುವುದು ಸುಲಭ. ಅಷ್ಟು ಸರಳವಾಗಿಲ್ಲ. ನಾನು ಕಂಡಂತೆ ಮೊದಲ ಹೆಜ್ಜೆಯಲ್ಲಿ ಬೈಗುಳವೇ ಇರಲಿಲ್ಲ. ‘ನನ್ನದು ಪಾಷಂಡವಲ್ಲ’ ಎಂದು ಒಬ್ಬೊಬ್ಬರೇ ಆ ಪದದಿಂದ ಹೊರಗೆ ಸರಿದರು, ಅಷ್ಟೆ. ಪಾಲಿ ಭಾಷೆಯ ಬೌದ್ಧ ಗ್ರಂಥ ಸಂಯುತ್ತ ನಿಕಾಯದಲ್ಲಿ ಸೀಸುಪಚಾಲಾ ಎಂಬ ಭಿಕ್ಷುಣಿಯನ್ನು, ಸಾಧಕರ ಮನಸ್ಸು ಕೆಡಿಸಲು ಬರುವ ಮಾರನು ಕೇಳುತ್ತಾನೆ: ನಿನಗೆ ಯಾರ ಪಾಸಂಡ ಹಿಡಿಸುತ್ತದೆ? ನನಗೆ ಯಾರ ಪಾಸಂಡವೂ ಹಿಡಿಸುವುದಿಲ್ಲ ಎನ್ನುತ್ತಾಳೆ ಅವಳು. ಮತ್ತೂ ಕೆಣಕಿದಾಗ, ಪಾಸಂಡಗಳು ಇದರಿಂದ ಹೊರಗಿನವು, ಅವರು ತಂತಮ್ಮ ದೃಷ್ಟಿಗಳಿಗೆ ಅಂಟಿಕೊಂಡವರು, ಬುದ್ಧ ಹೇಳಿದ್ದು ಬೇರೆ ಎಂದು ಉತ್ತರ ಕೊಡುತ್ತಾಳೆ. ಬೈಗುಳವಿಲ್ಲ, ಸಿಟ್ಟಿಲ್ಲ. ಆದರೆ ಗೆರೆ ಬಿದ್ದಾಯಿತು. ನನ್ನದು ದಾರಿ, ಉಳಿದವು ಪಾಸಂಡ. ಬೌದ್ಧರನ್ನು ಹೀಗಳೆಯಲೆಂದೇ ಬ್ರಾಹ್ಮಣರು ಈ ಪದ ಹುಟ್ಟುಹಾಕಿದರು ಎನ್ನುವವರು ಈ ಸಂವಾದವನ್ನು ಓದಬೇಕು. ಹೊರಗಿನವರಿಗೆ ಈ ಪದ ಹೊರಿಸುವ ಕೆಲಸವನ್ನು ಬೌದ್ಧರೂ ಮಾಡಿದ್ದಾರೆ.

ಎಲ್ಲರೂ ಒಟ್ಟಿಗೆ ಸರಿಯಲಿಲ್ಲ. ಸುಮಾರು ಕ್ರಿ.ಪೂ. 1ನೇ ಶತಮಾನದ ಕಳಿಂಗದ ರಾಜ ಖಾರವೇಲ ಸ್ವತಃ ಜೈನಧರ್ಮದ ಕಡೆಯವನು. ಭುವನೇಶ್ವರದ ಬಳಿಯ ಉದಯಗಿರಿಯ ಹಾಥಿಗುಂಫಾ ಶಾಸನದಲ್ಲಿ ಅವನ ಬಿರುದುಗಳಲ್ಲೊಂದು ‘ಸವಪಾಸಂಡಪೂಜಕೋ’. ಎಲ್ಲ ಪಾಸಂಡಗಳನ್ನು ಪೂಜಿಸುವವನು ಎಂದು ಹೆಮ್ಮೆಯಿಂದ ಕೆತ್ತಿಸಿದ್ದಾನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಂತೂ ಎರಡೂ ದನಿ ಒಂದೇ ಪುಸ್ತಕದೊಳಗೆ ಕೇಳುತ್ತವೆ. ಒಂದು ಕಡೆ ಪಾಷಂಡರ ಮತ್ತು ಚಂಡಾಲರ ವಾಸ ಸ್ಮಶಾನದ ಅಂಚಿನಲ್ಲಿ ಎನ್ನುತ್ತದೆ. ಇನ್ನೊಂದು ಕಡೆ ಆಶ್ರಮವಾಸಿಗಳೂ ಪಾಷಂಡರೂ ವಿಶಾಲವಾದ ಜಾಗದಲ್ಲಿ ಒಬ್ಬರಿಗೊಬ್ಬರು ತೊಂದರೆ ಕೊಡದೆ ಇರಲಿ ಎನ್ನುತ್ತದೆ.

ಮನುಸ್ಮೃತಿಗೆ ಬರುವ ಹೊತ್ತಿಗೆ ದನಿ ಒಂದೇ. ನಾಲ್ಕನೆಯ ಅಧ್ಯಾಯದಲ್ಲಿ ಪಾಷಂಡಿಗಳು, ಬೆಕ್ಕಿನ ವ್ರತದವರು, ಬಕವೃತ್ತಿಯವರು, ಬರೀ ತರ್ಕ ಮಾಡುವವರು, ಇವರನ್ನು ಮಾತಿನಿಂದಲೂ ಉಪಚರಿಸಬೇಡ ಎಂದಿದೆ. ಬೆಕ್ಕು, ಬಕ ಎರಡೂ ಧ್ಯಾನದ ಸೋಗು ಹಾಕಿ ಬೇಟೆಯಾಡುವ ಪ್ರಾಣಿಗಳು. ಹಿಂದಿಯ ‘ಬೂಟಾಟಿಕೆ’ಯ ಅರ್ಥಕ್ಕೆ ಬೀಜ ಈ ಸಹವಾಸದಲ್ಲೇ ಬಿದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ. ಒಂಬತ್ತನೆಯ ಅಧ್ಯಾಯದಲ್ಲಿ ಜೂಜುಕೋರರು, ಹೆಂಡ ಮಾಡುವವರ ಜೊತೆ ಪಾಷಂಡದಲ್ಲಿರುವವರನ್ನೂ ಊರಿಂದ ಆಚೆ ಹಾಕಬೇಕೆಂದು ರಾಜನಿಗೆ ಹೇಳಿದೆ. ಅಶೋಕನ ಕಾಲದಲ್ಲಿ ರಾಜ ಅವರ ಬಳಿಗೆ ಅಧಿಕಾರಿಯನ್ನು ಕಳಿಸುತ್ತಿದ್ದ. ಇಲ್ಲಿ ರಾಜ ಅವರನ್ನೇ ಆಚೆ ಕಳಿಸಬೇಕು.

ಪುರಾಣಗಳಲ್ಲಿ ಇದು ಹೆದರಿಕೆಯಾಗಿ ಬೆಳೆಯಿತು. ವಿಷ್ಣುಪುರಾಣದ ಶತಧನು ರಾಜನ ಕಥೆ ನೋಡಿ. ರಾಜ, ರಾಣಿ ಶೈಬ್ಯಾ ಇಬ್ಬರೂ ಉಪವಾಸವಿದ್ದು ಗಂಗೆಯಲ್ಲಿ ಮಿಂದು ಬರುತ್ತಿದ್ದಾರೆ. ಎದುರಿಗೆ ಒಬ್ಬ ಪಾಷಂಡಿ ಬರುತ್ತಾನೆ. ಅವನು ರಾಜನ ಬಿಲ್ವಿದ್ಯೆಯ ಗುರುವಿನ ಗೆಳೆಯ. ಗುರುವಿನ ಮುಖ ನೋಡಿ ರಾಜ ಅವನೊಡನೆ ನಾಲ್ಕು ಮಾತಾಡುತ್ತಾನೆ. ರಾಣಿ ಬಾಯಿ ಬಿಡದೆ ಸೂರ್ಯನ ಕಡೆ ತಿರುಗಿಕೊಳ್ಳುತ್ತಾಳೆ. ಅಷ್ಟಕ್ಕೆ ರಾಜ ನಾಯಿಯಾಗಿ ಹುಟ್ಟುತ್ತಾನೆ. ಆಮೇಲೆ ನರಿ, ತೋಳ, ಹದ್ದು, ಕಾಗೆ, ನವಿಲು. ಪ್ರತಿ ಜನ್ಮದಲ್ಲೂ ಹೆಂಡತಿ ಹುಡುಕಿಕೊಂಡು ಬಂದು ‘ನೀನು ಯಾರೆಂದು ನೆನಪಿಸಿಕೋ’ ಎನ್ನಬೇಕು. ಕಥೆ ಕಟ್ಟಿದವನ ಉದ್ದೇಶ ಹೆದರಿಸುವುದು. ಆದರೆ ಅವನು ಗಮನಿಸದೆ ಬಿಟ್ಟುಕೊಟ್ಟ ಸಂಗತಿ ಇದೆಯಲ್ಲ: ಪಾಷಂಡಿ ಅರಮನೆಯ ಗುರುವಿಗೆ ಗೆಳೆಯ, ದಾರಿಯಲ್ಲಿ ಸಿಕ್ಕರೆ ರಾಜನೂ ಮಾತಾಡಿಸುವಷ್ಟು ಪರಿಚಿತ. ಪಕ್ಕದಲ್ಲೇ ಇದ್ದವರನ್ನು ದೂರ ಮಾಡಲು ಇಷ್ಟೆಲ್ಲ ಜನ್ಮಗಳು ಬೇಕಾದವು.

ಬೈಗುಳ ಗಟ್ಟಿಯಾದ ಮೇಲೆ ಅದಕ್ಕೊಂದು ವ್ಯುತ್ಪತ್ತಿ ಬೇಕಲ್ಲ. ಪಂಡಿತರು ಹೊಸೆದರು. ‘ಪಾ’ ಎಂದರೆ ಕಾಪಾಡುವ ವೇದಧರ್ಮ, ಅದನ್ನು ಖಂಡಿಸುವವನು ‘ಪಾಖಂಡ’ ಎಂಬ ಶ್ಲೋಕ ವ್ಯಾಖ್ಯಾನಗಳಲ್ಲಿ ಸಿಗುತ್ತದೆ. ಭಾಗವತದಲ್ಲಿ ಪೃಥು ರಾಜನ ಯಜ್ಞದ ಕುದುರೆಯನ್ನು ಕದ್ದ ಇಂದ್ರ ಹಾಕಿ ಬಿಸಾಡಿದ ವೇಷಗಳೇ ‘ಪಾಪದ ಖಂಡ’ಗಳು, ಹಾಗಾಗಿ ಪಾಖಂಡ. ಪಾಲಿ ವ್ಯಾಖ್ಯಾನಕಾರರದ್ದು ಇನ್ನೊಂದು: ಪಾಶ ಬೀಸುವವರು, ಅಂದರೆ ದೃಷ್ಟಿಯ ಕುಣಿಕೆ ಒಡ್ಡುವವರು ಪಾಸಂಡರು. ಭಾಷೆಯ ದೃಷ್ಟಿಯಿಂದ ಈ ಮೂರು ವ್ಯುತ್ಪತ್ತಿಗಳೂ ಸುಳ್ಳು. ನಿಮ್ಮ ತಂದೆಯವರ ಪಾಷಾಣವನ್ನೂ ಸೇರಿಸಿದರೆ ನಾಲ್ಕು. ಈ ನಡುವೆ ಸಂಸ್ಕೃತದ ಹಳೆಯ ನಿಘಂಟು ಅಮರಕೋಶ ಮಾತ್ರ ತಣ್ಣಗೆ ‘ಪಾಷಂಡಾಃ ಸರ್ವಲಿಂಗಿನಃ’ ಎನ್ನುತ್ತದೆ. ಬಗೆಬಗೆಯ ಪಂಥಚಿಹ್ನೆ ತೊಟ್ಟವರು ಎಂದಷ್ಟೇ.

‘ಪಾಖಂಡಿ’ಯ ವಿಷಯ ಇಲ್ಲೇ ಮುಗಿಸಿಬಿಡೋಣ. ಅದು ಬೇರೆ ಪದವಲ್ಲ. ಉತ್ತರ ಭಾರತದಲ್ಲಿ ಷಕಾರವನ್ನು ಖಕಾರವಾಗಿ ಉಚ್ಚರಿಸುವ ರೂಢಿ ಹಳೆಯದು. ಅಲ್ಲಿನ ಶುಕ್ಲ ಯಜುರ್ವೇದಿಗಳ ಪಾಠದಲ್ಲೂ ಉಂಟು. ಭಾಷಾ ‘ಭಾಖಾ’ ಆಯಿತು, ವರ್ಷಾ ‘ಬರಖಾ’ ಆಯಿತು, ಪಾಷಂಡ ‘ಪಾಖಂಡ’ ಆಯಿತು. ಮೇಲಿನ ‘ಖಂಡಿಸುವವನು’ ಎಂಬ ವ್ಯುತ್ಪತ್ತಿ ಹುಟ್ಟಿದ್ದೇ ಈ ಉಚ್ಚಾರದ ಆಸರೆಯಲ್ಲಿ. ಕನ್ನಡಕ್ಕೆ ‘ಪಾಷಂಡಿ’ ಬಂದದ್ದು ಸಂಸ್ಕೃತದಿಂದ; ‘ಪಾಖಂಡಿ’ ಹೆಚ್ಚು ಕೇಳುವುದು ಮರಾಠಿ, ಹಿಂದಿಯ ಗಾಳಿ ಬೀಸುವ ಕಡೆ.

ಈಗ ಕರ್ನಾಟಕದ ಎರಡನೆಯ ಕಲ್ಲು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಕಡೆಯ ಜೈನರು ತಮಗಾದ ಅನ್ಯಾಯವನ್ನು ರಾಜನ ಮುಂದೆ ಇಟ್ಟರು. ಬುಕ್ಕರಾಯ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯೊಳಗಿಟ್ಟು, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎಂದ. ಜೈನರಿಗೆ ಪಂಚಮಹಾವಾದ್ಯ, ಕಲಶದ ಹಕ್ಕು ಮೊದಲಿನಂತೆಯೇ ಉಂಟೆಂದು ವಿಧಿಸಿದ. ಮನೆಗೆ ವರ್ಷಕ್ಕೊಂದು ಹಣದಂತೆ ಜೈನರಿಂದ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ವೈಷ್ಣವರೇ ನೇಮಿಸಬೇಕು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂಬ ಏರ್ಪಾಟೂ ಆಯಿತು. ಪಠ್ಯಪುಸ್ತಕಗಳಲ್ಲಿ ಇಷ್ಟು ಬರುತ್ತದೆ.

ಬಾರದಿರುವುದು ಶಾಸನದ ಮೊದಲ ಸಾಲು. ಅದು ರಾಮಾನುಜರ ಸ್ತುತಿ: ‘ಪಾಷಂಡಸಾಗರ ಮಹಾಬಡಬಾಮುಖಾಗ್ನಿ’. ಪಾಷಂಡರೆಂಬ ಕಡಲನ್ನು ಕುಡಿದು ಬತ್ತಿಸುವ ಬಡಬಾಗ್ನಿ ಎಂದು. ವೈಷ್ಣವ ಪರಂಪರೆಯ ಮಾತಿನಲ್ಲಿ ಪಾಷಂಡರ ಪಟ್ಟಿಯಿಂದ ಜೈನರು ಹೊರತಲ್ಲ. ಜೈನರನ್ನು ಕಾಯುವ ಶಾಸನವೇ ಹೀಗೆ ಶುರುವಾಗುತ್ತದೆ! ಬಹುಶಃ ಕೆತ್ತಿಸಿದವರಿಗೆ ಅದು ಬಾಯಿಪಾಠದ ಮಂಗಳಶ್ಲೋಕ, ಇನ್ನೇನೂ ಅಲ್ಲ. ಆದರೆ ವ್ಯವಹಾರದ ಮಾತು ಶುರುವಾದ ಕೂಡಲೇ ಪಾಷಂಡ ಮಾಯವಾಗಿ ‘ದರ್ಶನ’ ಬರುತ್ತದೆ: ಜೈನ ದರ್ಶನ, ವೈಷ್ಣವ ದರ್ಶನ. ಇಬ್ಬರಿಗೂ ಒಂದೇ ಪದ. ಸನ್ನತಿಯ ಕಲ್ಲಿನಲ್ಲಿ ‘ಪಾಸಂಡ’ ಹೊತ್ತಿದ್ದ ಭಾರವನ್ನು ಬೆಳಗೊಳದ ಕಲ್ಲಿನಲ್ಲಿ ‘ದರ್ಶನ’ ಹೊತ್ತಿದೆ. ಕನ್ನಡದಲ್ಲಿ ಅದಕ್ಕೂ ಮೊದಲೇ ‘ಸಮಯ’, ‘ಧರ್ಮ’ ಆ ಕೆಲಸಕ್ಕೆ ನಿಂತಿದ್ದವು. 9ನೇ ಶತಮಾನದ ಕವಿರಾಜಮಾರ್ಗ ಪರವಿಚಾರವನ್ನೂ ಪರಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತು ಎನ್ನುವಾಗ, ಅಶೋಕನ ‘ಪರಪಾಸಂಡ’ದ ಜಾಗದಲ್ಲಿ ‘ಪರಧರ್ಮ’ ಕೂತಿದೆ.

ಬುಕ್ಕರಾಯನ ಅದೇ ಶಾಸನದಲ್ಲಿ ಇನ್ನೊಂದು ಸ್ವಾರಸ್ಯ. ಅಲ್ಲಿ ಶ್ರೀವೈಷ್ಣವರು ‘ಭಕ್ತರು’, ಜೈನರು ‘ಭವ್ಯರು’. ಭವ್ಯ ಎಂದರೆ ಮೋಕ್ಷಕ್ಕೆ ಅರ್ಹನಾದ ಜೀವ, ಜೈನರು ತಮ್ಮವರಿಗೆ ಹೇಳುವ ಪದ. ಶರಣರ ವಚನಗಳಲ್ಲಿ ಲಿಂಗವಿಲ್ಲದ ಹೊರಗಿನವನು ‘ಭವಿ’, ಭವದ ಸುಳಿಯಲ್ಲಿ ಸಿಕ್ಕವನು. ಭವ್ಯ, ಭವಿ ಎರಡಕ್ಕೂ ಧಾತು ಒಂದೇ, ‘ಭೂ’. ಒಂದು ಮನೆಯಲ್ಲಿ ಒಳಗಿನವನ ಹೆಸರು, ಇನ್ನೊಂದು ಮನೆಯಲ್ಲಿ ಹೊರಗಿನವನ ಹೆಸರು.

ಕಾಫಿರ್, ಪೇಗನ್ ಜೊತೆ ಹೋಲಿಸಿದ್ದೀರಿ. ಪೂರ್ತಿ ಹೊಂದುವುದಿಲ್ಲ. ಅರಬ್ಬಿಯ ಕಾಫಿರ್ ಪದದ ಧಾತುವಿಗೆ ಮುಚ್ಚು ಎಂದರ್ಥ; ಬೀಜವನ್ನು ಮಣ್ಣಿನಿಂದ ಮುಚ್ಚುವ ರೈತರಿಗೂ ಅದೇ ಪದ ಕುರ್‌ಆನಿನಲ್ಲಿ ಒಂದೆಡೆ ಬಳಕೆಯಾಗಿದೆ. ಆದರೆ ಧರ್ಮದ ಮಾತಿನಲ್ಲಿ ಅದು ಮೊದಲಿಂದಲೂ ಸತ್ಯವನ್ನು ಮುಚ್ಚಿದವನು, ನಿರಾಕರಿಸಿದವನು ಎಂದೇ. ಪೇಗನ್ ಲ್ಯಾಟಿನ್ನಿನ ‘ಪಾಗುಸ್’ನಿಂದ ಬಂದದ್ದು. ಪಾಗುಸ್ ಎಂದರೆ ಹಳ್ಳಿಗಾಡು. ಹಳ್ಳಿಗ ಎಂಬ ಪದ ಕ್ರೈಸ್ತನಲ್ಲದವನ ಹೆಸರಾಯಿತು. ಇವೆರಡರಲ್ಲೂ ಹೆಸರಿಟ್ಟವನು ಆ ಹೆಸರಿನೊಳಗೆ ಇರಲಿಲ್ಲ. ಪಾಷಂಡದಲ್ಲಿ ಎಲ್ಲರೂ ಇದ್ದರು, ಒಬ್ಬೊಬ್ಬರಾಗಿ ಎದ್ದು ಹೋದರು, ಕೊನೆಗೆ ಯಾರೂ ತಮ್ಮದೆನ್ನದ ಪದ ಉಳಿಯಿತು. ಹೋದವರು ಅನ್ಯಧರ್ಮದವರನ್ನಷ್ಟೇ ಅದರಿಂದ ಕರೆಯಲಿಲ್ಲ. ವೈಷ್ಣವ ಪುರಾಣಗಳು ಶೈವ ಪಂಥಗಳನ್ನೂ ಪಾಷಂಡರ ಪಟ್ಟಿಗೆ ಸೇರಿಸಿದವು. ಬಂಗಾಳದ ಚೈತನ್ಯರ ಅನುಯಾಯಿಗಳು ಕೀರ್ತನೆಯನ್ನು ಗೇಲಿ ಮಾಡುತ್ತಿದ್ದ ತಮ್ಮ ಊರಿನ ಹಿಂದೂಗಳನ್ನೇ ಪಾಷಂಡಿ ಎಂದರು. ನಿಮ್ಮ ಮನೆಯಲ್ಲಿ ಬೈಸಿಕೊಂಡವರು ಯಾರೆಂದು ನೆನಪಿಸಿಕೊಳ್ಳಿ. ಸಂಧ್ಯಾವಂದನೆ ತಪ್ಪಿಸಿದ ಮೊಮ್ಮಗನೋ, ಹಬ್ಬಕ್ಕೆ ಬಾರದ ಅಳಿಯನೋ ಇದ್ದಿರಬೇಕು.

ಮಗಳಿಗೆ ಬಿಡಿಸಿ ಹೇಳುವಾಗ ಆ ಸಾಲಿನ ‘ಪಾಷಂಡರನ್ನೂ’ ಎಂಬುದನ್ನು ‘ಪಂಥಗಳನ್ನೂ’ ಎಂದು ಓದಿಸಿ. ‘ಮತ’ ಎಂದರೂ ನಡೆಯುತ್ತದೆ, ಆದರೆ ಈಗ ಮತ ಎಂದ ಕೂಡಲೇ ಮಕ್ಕಳಿಗೆ ಚುನಾವಣೆ ನೆನಪಾಗುತ್ತದೆ. ಪುಸ್ತಕ ಬರೆದವರು ಮೂಲದ ಪದವನ್ನು ಹಾಗೇ ಉಳಿಸಿಕೊಂಡದ್ದು ತಪ್ಪಲ್ಲ. ಅದರ ಪಕ್ಕದಲ್ಲಿ ಅರ್ಥ ಕೊಡದೆ ಬಿಟ್ಟದ್ದು ತಪ್ಪು.